ಕೇಳದಿದ್ದರೂ ಬಂದ ಹೂಂ

ಇದು ನನ್ನ ತಂಗಿಯ ಮಗಳಿಗೇ ಆದದ್ದು ಕಣ್ರೋ. ಹತ್ತಿರ ಬನ್ನಿ… ಮೆಲ್ಲಗೆ ಹೇಳ್ತೀನಿ.

ಅವತ್ತು ಆಸ್ಪತ್ರೆಯಿಂದ ಹೊರಟಾಗ ಹೊತ್ತು ಮೀರಿತ್ತು. ಎಳೆಗೂಸುಗಳನ್ನು ಬೆಚ್ಚಗಿಡೋ ಪೆಟ್ಟಿಗೆ ರಿಪೇರಿ ಅವಳ ಕೆಲಸ. ಕಾವು ಹೆಚ್ಚುಕಮ್ಮಿ ಆಗದ ಹಾಗೆ ನೋಡಿಕೊಳ್ಳೋಕೆ ಪೆಟ್ಟಿಗೆಯೊಳಗೆ ಒಂದು ಪುಟ್ಟ ಕಂಪ್ಯೂಟರ್ ಮಿದುಳಿರುತ್ತೆ. ಅದಕ್ಕೊಂದು ಕಾವಲು, ವಾಚ್‌ಡಾಗ್ ಅಂತಾರೆ. ಮಿದುಳು ಆಗಾಗ "ಇದ್ದೀನಿ" ಅಂತ ಅದಕ್ಕೆ ಹೇಳ್ತಾ ಇರಬೇಕು. ಹೇಳಲಿಲ್ವೋ, ಮಂಕು ಬಡಿದಿದೆ ಅಂತ ಕಾವಲು ಅದನ್ನು ಆರಿಸಿ ಮತ್ತೆ ಎಬ್ಬಿಸುತ್ತೆ.

ಅವತ್ತು ಸಂಜೆಯಿಂದ ಕಾವಲು ಅದನ್ನು ಎಬ್ಬಿಸಿದ್ದೇ ಎಬ್ಬಿಸಿದ್ದು. ಟಿಕ್… ಪೀಂಯ್. ಟಿಕ್… ಪೀಂಯ್.

"ನಿನ್ನ ಪೆಟ್ಟಿಗೆಗೆ ಬಿಕ್ಕಳಿಕೆ ಹಿಡಿದಿದೆ ಕಣಮ್ಮಾ," ಅಂತ ನರ್ಸಮ್ಮ ಕಿಚಾಯಿಸಿದರು.

ಇವಳಿಗೂ ಸಾಕಾಗಿತ್ತು. "ಇದ್ದೀನಿ" ಅನ್ನೋ ಕೆಲಸವನ್ನು ಮಿದುಳಿನಿಂದ ಬಿಡಿಸಿ, ತಾನಾಗೇ ಓಡೋ ಒಳಗಿನ ಗಡಿಯಾರಕ್ಕೆ ಒಪ್ಪಿಸಿಬಿಟ್ಟಳು. ಸದ್ದು ನಿಂತಿತು. ಹಸಿರು ದೀಪ ಹತ್ತಿತು. ಒಳಗೆ ಮಗು ಮಲಗಿತ್ತು. ಹೊರಟಳು.

ದಾರೀಲಿ ಹಳೇ ಬಾವಿ. ಕಟ್ಟೆ ಮೇಲೆ ಯಾರೋ ಬಿಳೀ ಬಟ್ಟೆ ಮುಸುಕು ಹೊದ್ದು ಕೂತಿದ್ದರು.

"ಅಜ್ಜಾ, ಚಳೀಲಿ ಕೂತಿದ್ದೀಯಲ್ಲ?"

"ಹೂಂ."

"ಮನೆಗೆ ಹೋಗಬಾರದಾ?"

"ಹೂಂ."

ನಕ್ಕು ಮುಂದೆ ಹೋದಳು. ಮತ್ತೇನೂ ಕೇಳಲಿಲ್ಲ. ಆದರೂ ಹಿಂದಿನಿಂದ… "ಹೂಂ." ಸ್ವಲ್ಪ ಬಿಟ್ಟು… "ಹೂಂ." ಅದೇ ದನಿ. ಅದೇ ಅಂತರ.

ತಿರುಗಿದಳು. ಕಟ್ಟೆ ಖಾಲಿ. "ಹೂಂ" ಮಾತ್ರ ಬರ್ತಾ ಇತ್ತು… ಬಾವಿಯ ಆಳದಿಂದ.

ತಟ್ಟನೆ ಅವಳಿಗೆ ಹೊಳೀತು. ಅಯ್ಯೋ, ನಾನು ಮಾಡಿಟ್ಟು ಬಂದದ್ದೂ ಇದನ್ನೇ ಅಲ್ವಾ! ಮಿದುಳು ಸತ್ತರೂ ಗಡಿಯಾರ "ಇದ್ದೀನಿ, ಇದ್ದೀನಿ" ಅಂತಲೇ ಇರುತ್ತೆ. ಕಾವಲು ನಂಬುತ್ತೆ. ಹೀಟರ್ ಉರೀತಾನೇ ಇರುತ್ತೆ. ಒಳಗೆ ಕೂಸು…

ಎದ್ದೆನೋ ಬಿದ್ದೆನೋ ಅಂತ ಓಡಿದಳು. ನರ್ಸಮ್ಮ ಕೋಣೆ ಬಾಗಿಲಲ್ಲೇ ಕೂತಿದ್ದರು.

"ಮಗು?"

"ಶ್… ಹಸಿರು ದೀಪ ಕಾಣ್ತಿದೆಯಲ್ಲೇ. ಸುಖವಾಗಿ ಮಲಗಿದೆ."

ನುಗ್ಗಿದಳು. ಪೆಟ್ಟಿಗೆಯ ಪರದೆ ಮೇಲೆ ಕಾವಿನ ಅಂಕಿ ಅಲ್ಲಾಡದೆ ನಿಂತಿತ್ತು, ಮಿದುಳು ಸತ್ತಿತ್ತು. ಮುಚ್ಚಳ ಮುಟ್ಟಿದಳು, ಕೈ ಚುರ್ ಅಂತು. ಎತ್ತಿ ನೋಡಿದರೆ… ಪೆಟ್ಟಿಗೆ ಖಾಲಿ.

ಕಿಟಕಿ ಪಕ್ಕದ ತೊಟ್ಟಿಲಿಂದ "ಕುಂಯ್" ಅಂತ ದನಿ. ಕೂಸು ಅಲ್ಲಿತ್ತು. ಹಿತವಾಗಿ ಬೆಚ್ಚಗೆ, ನೆಮ್ಮದಿಯಾಗಿ.

"ಯಾರು ಎತ್ತಿದ್ದು?" ಪಿಸುಗುಟ್ಟಿದಳು.

ನರ್ಸಮ್ಮ ಬಾಗಿಲಿಂದಲೇ ಒಳಗೆ ಇಣುಕಿದರು. "ನಾನು ಇಲ್ಲಿಂದ ಎದ್ದೇ ಇಲ್ಲ ಕಣೇ. ಒಂದು ನೊಣವೂ ಒಳಗೆ ಹೋಗಿಲ್ಲ."

ಕೂಸಿಗೆ ಬಿಳೀ ಬಟ್ಟೆ ಸುತ್ತಿತ್ತು. ಆಸ್ಪತ್ರೆಯದಲ್ಲ, ತಾಯಿಯದೂ ಅಲ್ಲ. ಹೊಚ್ಚ ಹೊಸದು, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ.

ಸುಳ್ಳು ಅನ್ನೋರು ಅನ್ನಲಿ. ಆ ಬಟ್ಟೆಯನ್ನ ಈ ಕೈಯಿಂದಲೇ ಒಗೆದಿದ್ದೀನಿ.