ನಾಲ್ಕನೆಯವರ ನೀರು

ಲೈಟ್ ಹಾಕ್ಬೇಡಿ, ಕೂತ್ಕೊಳ್ಳಿ. ಇದು ನಮ್ಮ ಚಿಕ್ಕಪ್ಪನ ಮಗಳು ಅರ್ಪಿತಾಗೇ ಆಗಿದ್ದು. ನಗೋರು ಈಗ್ಲೇ ಎದ್ದು ಹೋಗ್ಬಹುದು.

ಐರ್ಲೆಂಡಲ್ಲಿ, ಕಾರ್ಕ್ ಕಡೆ ಒಂದು ಬಂದರಿನೂರು... ಹೆಸರು ಬೇಡ. ಊರೆಲ್ಲ ಗುಡ್ಡದ ಮೇಲೆ. ಹತ್ತೋಕೆ ನೂರು ವರ್ಷದ ಹಳೇ ರೈಲು. ಒಂದೇ ಉಕ್ಕಿನ ಹಗ್ಗಕ್ಕೆ ಎರಡು ಡಬ್ಬಿ, ಒಂದು ಇಳಿದ್ರೆ ಇನ್ನೊಂದು ಏರುತ್ತೆ. ಎಷ್ಟು ಜನ ಹತ್ತಿದ್ರೋ ಕೆಳಗಿನವನು ಅಷ್ಟು ಸಲ ಗಂಟೆ ಹೊಡೀತಾನೆ. ಮೇಲಿನವನು ಅಷ್ಟು ಜನರ ತೂಕಕ್ಕಿಂತ ಚೂರು ಜಾಸ್ತಿ ನೀರನ್ನ ಮೇಲಿನ ಡಬ್ಬಿಗೆ ತುಂಬ್ತಾನೆ. ಆ ಭಾರಕ್ಕೆ ಅದು ಇಳಿದು, ಇದನ್ನ ಮೇಲಕ್ಕೆಳೆಯುತ್ತೆ.

ಅರ್ಪಿತಾ, ಗಂಡ ಸತ್ಯಪ್ರಕಾಶ್, ಆರು ವರ್ಷದ ಮಗಳು ನಿಸರ್ಗಾ. ತಿಂಗಳ ಕೊನೆಗೆ ಬಾಡಿಗೆ ಮನೆ ಖಾಲಿ ಮಾಡ್ಬೇಕು. ಹತ್ತೊಂಬತ್ತು ಮನೆ ನೋಡಿದ್ರು, ಒಂದೂ ಸಿಗ್ಲಿಲ್ಲ. ಇಪ್ಪತ್ತನೇದು ಗುಡ್ಡದ ಮೇಲೆ. ಡಿಸೆಂಬರ್... ನಾಲ್ಕೂವರೆಗೇ ಕತ್ತಲು. ಸ್ಟೇಷನ್ ಪಕ್ಕ ಹಳೇ ಬಾವಿ, ಸುತ್ತ ಗಿಡಕ್ಕೆಲ್ಲ ಹರಕೆಯ ಬಟ್ಟೆಚೂರು. ಅಲ್ಲಿ ಅರ್ಪಿತಾಗೆ ನೆನಪಾಯ್ತು, ಒಳ್ಳೇ ಕೆಲಸಕ್ಕೆ ಮೂರು ಜನ ಹೊರಡಬಾರದು ಅಂತ. ಊರಲ್ಲಿ ಮಾಡ್ತೀವಲ್ಲ, ಹಾಗೇ ಒಂದು ಕಲ್ಲೆತ್ತಿ ಬ್ಯಾಗಿಗೆ ಹಾಕ್ಕೊಂಡ್ಲು. "ಬಾರಪ್ಪ, ನಾಲ್ಕನೆಯವನು ನೀನೇ."

ಹರಕೆ ಬಾವಿ ಕಲ್ಲು ಕಣ್ರೀ! ಬುದ್ಧಿ ಬೇಡ್ವಾ?

ಡಬ್ಬಿ ಹತ್ತಿದ್ರು. ಟಣ್... ಟಣ್... ಟಣ್... ಟಣ್.

"ನಾವು ಮೂರೇ ಜನ," ಅಂದ ಸತ್ಯಪ್ರಕಾಶ್.

ಗಂಟೆಯವನು ಇಣುಕಿದ. "ಹಿಂದೆ ನಿಂತಿರೋರೂ ಸೇರಿ ನಾಲ್ಕು. ಗ್ರ್ಯಾಂಡ್." ಅಲ್ಲಿ ಹಾಗಂದ್ರೆ 'ಎಲ್ಲ ಸರಿ ಇದೆ' ಅಂತ.

ಮೇಲೆ ನೀರು ಧೋ ಅಂತ ಬಿತ್ತು. ಡಬ್ಬಿ ಒಂದಿಷ್ಟೂ ಕುಲುಕದೆ ಏರಿತು. ಮನೆ ಸಿಕ್ತು! ಆ ಖುಷೀಲಿ ಕಲ್ಲು ಬ್ಯಾಗಲ್ಲೇ ಉಳೀತು.

ಆಮೇಲೆ ಇವರು ಮೂರು ಜನ ಹತ್ತಿದಾಗೆಲ್ಲ ನಾಲ್ಕು ಸಲ ಟಣ್. ಅರ್ಪಿತಾ ಹೆದರಿ ಊಟಾನೇ ಬಿಟ್ಲು. ಕೊನೆಗೊಂದು ಸಂಜೆ ಕಲ್ಲನ್ನ ಬಾವಿ ಹತ್ರಾನೇ ಇಟ್ಟು ಕೈಮುಗಿದ್ಲು. "ತಪ್ಪಾಯ್ತು... ನೀನಿಲ್ಲೇ ಇರಪ್ಪ."

ಮೂವರೂ ಹತ್ತಿದ್ರು. ಟಣ್... ಟಣ್... ಟಣ್.

ಮೂರೇ! ಅವಳು ಅತ್ತೇಬಿಟ್ಲು.

ಆದ್ರೆ ಡಬ್ಬಿ ಅಲ್ಲಾಡ್ಲಿಲ್ಲ. ಹಗ್ಗ ಕಿರ್ರ್... ಅಂತು, ಅಷ್ಟೇ. ಗಂಟೆಯವನು ಬಂದು ಮತ್ತೆ ಎಣಿಸಿದ. ಮೂರೇ ಜನ. ತಲೆ ಕೆರ್ಕೊಂಡು ಹೋಗಿ ಇನ್ನೊಂದು ಸಲ ಹೊಡೆದ... ಟಣ್. ಮೇಲೆ ಇನ್ನೊಬ್ಬರ ನೀರು ಬಿತ್ತು. ಆಗ ಹೊರಟಿತು ನೋಡಿ.

ನಿಸರ್ಗಾ ಕಿಟಕಿ ಕಡೆ ಸರಿದು, ಪಕ್ಕದಲ್ಲಿ ಜಾಗ ಬಿಟ್ಲು. "ಸಾರಿ," ಅಂದ್ಲು ಮೆಲ್ಲಗೆ.

ಆಣೆ ಮಾಡಿ ಹೇಳ್ತೀನಿ, ನಡೆದಿದ್ದೇ ಇದು. ಈಗ್ಲೂ ಅದೇ ಮನೇಲಿದ್ದಾರೆ. ಬಿಟ್ಟು ಎಲ್ಲಿಗೆ ಹೋಗ್ತಾರೆ... ಇನ್ನೊಂದು ಮನೆ ಸಿಗಬೇಕಲ್ಲ?