ನನ್ನ ಬೀಗಕ್ಕೆ ನಾನೇ ಮಾಡಿಕೊಟ್ಟ ಕಳ್ಳ ಕೀ

ಬಾಯಲ್ಲಿ ಹತ್ತು ನಿಮಿಷದಲ್ಲಿ ಮುಗಿಯುವ ಮಾತನ್ನು ಬರೆದೇ ಕೊಡಬೇಕೆಂದು ಠಾಣೆಯ ಸಾಹೇಬರು ಪಟ್ಟು ಹಿಡಿದಿದ್ದಾರೆ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅಕ್ಷರ ಸೊಟ್ಟಗಿದ್ದರೆ ಅದು ಓದುವವರ ಹಣೆಬರಹ.

ಕಾಲೇಜು ಗೇಟಿನಿಂದ ಮೂವತ್ತು ಹೆಜ್ಜೆ ದೂರದಲ್ಲಿ ಡೂಪ್ಲಿಕೇಟ್ ಕೀ ಮಾಡುವ, ಎಲ್ಲರೂ ಬೀಗದ ತಾತ ಎನ್ನುವ, ವಯಸ್ಸು ಅರವತ್ತೇಳು, ಅಂಗಡಿಯ ಹಿಂದಿನ ಕೋಣೆಯಲ್ಲೇ ವಾಸವಾಗಿರುವ ನಾನು ಈ ಮೂಲಕ ತಿಳಿಸುವುದೇನೆಂದರೆ:

ಈ ವಯಸ್ಸಿನಲ್ಲಿ ನಿಮಗೆ ಮೊಬೈಲ್ ಪೇಮೆಂಟ್ ಯಾಕೆ ಬೇಕಿತ್ತು ಎಂದು ಸಾಹೇಬರು ಕೇಳಿದರು. ನನಗೆ ಬೇಕಿರಲಿಲ್ಲ. ಕಾಲೇಜು ಹುಡುಗರ ಜೇಬಿನಲ್ಲಿ ಈಗ ಪರ್ಸೇ ಇರುವುದಿಲ್ಲ. "ದೊಡ್ಡಪ್ಪ, ಒಬ್ಬಳು ಸ್ಕ್ಯಾನ್ ಮಾಡಿದ್ರೆ ಜೊತೆಗಿರೋ ನಾಲ್ಕು ಜನಾನೂ ಅಲ್ಲಿಗೇ ಬರ್ತಾರೆ, ನೀನು ಚಿಲ್ಲರೆ ಇಲ್ಲ ಅಂತ ಅವರನ್ನ ಬೈಯೋದೂ ತಪ್ಪುತ್ತೆ" ಎಂದು ತಮ್ಮನ ಮಗಳು ಸ್ಟಿಕ್ಕರನ್ನೂ ಮಾತಾಡುವ ಡಬ್ಬಿಯನ್ನೂ ತಂದಿಟ್ಟಳು. ಖಾತೆ ನನ್ನದು, ಫೋನು ಅವಳದು. ಯಾರೂ ಕೀಳಬಾರದೆಂದು ಸ್ಟಿಕ್ಕರಿಗೆ ಗಾಜಿನ ಪೆಟ್ಟಿಗೆ ಮಾಡಿ, ನಾನೇ ಬೀಗ ಹಾಕಿದೆ.

ನಾಲ್ಕನೇ ತಾರೀಖು ಬೆಳಗ್ಗೆ 11.20ಕ್ಕೆ ಚೌಕಳಿ ಅಂಗಿಯ ಒಬ್ಬ ಸೋಪಿನ ಮೇಲೆ ಕೀ ಅಚ್ಚು ಒತ್ತಿಕೊಂಡು ಬಂದ. ಅಮ್ಮನ ಬೀರುವಿಗೆ ಇನ್ನೊಂದು ಕೀ ಬೇಕು ಎಂದ. ಗೊತ್ತಿಲ್ಲದವರಿಗೆ ಸೋಪಿನ ಅಚ್ಚಿನಿಂದ ಕೀ ಮಾಡಬಾರದು, ಅದು ನಮ್ಮ ಕಸುಬಿನ ನಿಯಮ. ಅವನು ಮೊದಲೇ ಸ್ಕ್ಯಾನ್ ಮಾಡಿದ, ಡಬ್ಬಿ ದುಡ್ಡು ಬಂತು ಎಂದು ಕೂಗಿತು, ನಾನು ಅರ ಹಿಡಿದೆ. ನೀರು ತರಲು ಹೋಗುವಾಗ ಕೀ ಗೊಂಚಲನ್ನು ಮೊಳೆಗೆ ನೇತು ಹಾಕುವುದು ನನ್ನ ಅಭ್ಯಾಸ. ಅವನು ಅಚ್ಚು ತೆಗೆದದ್ದು ಅಲ್ಲಿದ್ದ ನನ್ನ ಗಾಜಿನ ಪೆಟ್ಟಿಗೆಯ ಕೀಯಿಂದ. ಮೂವತ್ತೊಂದು ವರ್ಷ ಊರವರ ಬೀಗ ಬಿಚ್ಚಿದವನಿಗೆ ತನ್ನ ಪೆಟ್ಟಿಗೆಯ ಕೀ ಹಲ್ಲು ಗುರುತು ಸಿಗಲಿಲ್ಲ. ನಗುವವರು ನಗಲಿ.

ಐದನೇ ತಾರೀಖು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರಿಂದ ಅಂಗಡಿ ಮುಚ್ಚಿತ್ತು, ಗಾಜಿನ ಪೆಟ್ಟಿಗೆ ಮಾತ್ರ ಹೊರಗಿನ ಗೋಡೆಯಲ್ಲೇ ಇತ್ತು.

ಆರನೇ ತಾರೀಖು ಅಂಗಡಿ ತೆರೆದದ್ದೇ ಸಂಜೆ; ಮೊದಲ ಗಿರಾಕಿಯಾಗಿ 4.40ಕ್ಕೆ ಹಾಸ್ಟೆಲ್ಲಿನ ಹುಡುಗಿಯೊಬ್ಬಳು ಕೀ ಮಾಡಿಸಿ ಸ್ಕ್ಯಾನ್ ಮಾಡಿದಳು. ಡಬ್ಬಿ ಸುಮ್ಮನಿತ್ತು. ಫೋನಿನಲ್ಲಿ ಹಸಿರು ಗುರುತು ತೋರಿಸಿದಳು. ಚಿತ್ರ ತೋರಿಸಿ ಯಾಮಾರಿಸುತ್ತೀಯಾ ಎಂದು ಹತ್ತು ಜನರ ಎದುರು ಕಿರುಚಿದೆ. "ತಾತ, ನಾನು ಕೊಟ್ಟಿದ್ದೀನಿ" ಎಂದಷ್ಟೇ ಹೇಳಿ ಕೀ ಬಿಟ್ಟು ಹೋದಳು. ನನ್ನ ಸಿಟ್ಟು ಅಲ್ಲಿಗೂ ನಿಲ್ಲಲಿಲ್ಲ. ಇನ್ನೂರು ಹೆಜ್ಜೆ ನಡೆದು ಹೋಗಿ ವಾರ್ಡನ್ನಿಗೆ ಹೇಳಿದೆ. ಅವರು ಮೋಸ ಎಂದು ರಿಜಿಸ್ಟರಿನಲ್ಲಿ ಬರೆದರು.

ಏಳನೇ ತಾರೀಖು ಸ್ಟಿಕ್ಕರಿಗೆ ಬಟ್ಟೆ ಮುಚ್ಚಿ, ನೋಟಿದ್ದರೆ ಮಾತ್ರ ಕೆಲಸ ಎಂದೆ. ಬಂದದ್ದು ಇಪ್ಪತ್ತಮೂರು ಜನ, ಹತ್ತೊಂಬತ್ತು ಜನ ವಾಪಸ್ಸು. ಒಬ್ಬ "ತಾತ, ನೋಟು ಮ್ಯೂಸಿಯಮ್ಮಿನಲ್ಲಿ ಸಿಗುತ್ತಾ?" ಎಂದು ಕೇಳಿಯೇ ಹೋದ.

ಎಂಟನೇ ತಾರೀಖು ಬೆಳಗ್ಗೆ ತಮ್ಮನ ಮಗಳು ಬಟ್ಟೆ ಸರಿಸಿ ಸ್ಕ್ಯಾನ್ ಮಾಡಿದಳು. ಬೇರೆ ಯಾರದೋ ಹೆಸರು ಬಂತು. ಪೆಟ್ಟಿಗೆ ತೆರೆದರೆ ನನ್ನ ಸ್ಟಿಕ್ಕರಿನ ಮೇಲೆ ಇನ್ನೊಂದು ಸ್ಟಿಕ್ಕರು. ಅದೇ ಹೆಸರು ನಾಲ್ಕನೇ ತಾರೀಖು 11.20ರ ಪೇಮೆಂಟಿನಲ್ಲೂ ಇದೆ. ಕಳ್ಳ ಕೀಗೆ ದುಡ್ಡು ಕೊಟ್ಟು, ಹೆಸರನ್ನೂ ಬಿಟ್ಟು ಹೋಗಿದ್ದಾನೆ, ಪುಣ್ಯಾತ್ಮ. ಎರಡರ ಪ್ರಿಂಟನ್ನೂ ಲಗತ್ತಿಸಿದ್ದೇನೆ. ಹುಡುಕಲು ಕಷ್ಟವೇನಿಲ್ಲ.

ಹುಡುಗಿಯ ದುಡ್ಡು ಅವನಿಗೆ ಹೋಗಿದೆ, ಅವಳು ಸುಳ್ಳು ಹೇಳಿಲ್ಲ. ಇದನ್ನು ನಾನೇ ಹೋಗಿ ವಾರ್ಡನ್ನಿಗೆ ಹೇಳಿದೆ. ಪೊಲೀಸರ ಕಾಗದ ಬಾರದೆ ರಿಜಿಸ್ಟರಿನ ಸಾಲು ಹೊಡೆದು ಹಾಕುವುದಿಲ್ಲ, ನಡತೆ ಪತ್ರವನ್ನೂ ಕೊಡುವುದಿಲ್ಲ ಎಂದರು. ಆ ಪತ್ರ ಹಿಡಿದುಕೊಂಡೇ ಅವಳು ಇಪ್ಪತ್ತೊಂದರಂದು ಕೆಲಸಕ್ಕೆ ಸೇರಬೇಕು. ಅವಳ ಕೀ ಇನ್ನೂ ನನ್ನ ಮೊಳೆಯಲ್ಲೇ ಇದೆ.

ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ. ನನ್ನ ತಪ್ಪನ್ನೂ ನಾನೇ ಬರೆದಿದ್ದೇನೆ, ಓದಿಸಿ ಕೇಳಿ ರುಜು ಹಾಕಿದ್ದೇನೆ. ಇಪ್ಪತ್ತನೇ ತಾರೀಖು ಸಂಜೆ ಐದರೊಳಗೆ, ಹುಡುಗಿ ಮೋಸ ಮಾಡಿಲ್ಲ ಎಂಬ ನಿಮ್ಮ ಕಾಗದ ನನ್ನ ಕೈಗೆ ಬರಬೇಕು. ಕೊಡುತ್ತೀರೋ ಇಲ್ಲವೋ, ಬರೆದು ತಿಳಿಸಿ.

ಸ್ಥಳ: ಠಾಣೆಯ ಹೊರಗಿನ ಬೆಂಚು
ತಾರೀಖು: ಒಂಬತ್ತು
ರುಜು: ಬೀಗದ ತಾತ