ತೋಳಿನ ಮೇಲಿನ ಪಟ್ಟಿ

"ಹಲೋ... ಹಲೋ? ಯಾರು ಮಾತಾಡ್ತಿರೋದು? ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ನೀರು ಕುದೀತಿದೆ, ಕೇಳಿಸ್ತಿಲ್ಲ... ಯಾರು ಅಂದ್ರಿ?"

...

"ರೊಮಿನಾ?"

ವಾಲ್ಡೆಮಾರ್ ಬೆಂಟನ್ಕೋರ್ ಕೈ ಚಾಚಿ ಒಲೆ ಆರಿಸಿದ. ಪೈಸಂದೂ ಬಂದರಿನಲ್ಲಿ ಮೂವತ್ತು ವರ್ಷ ಕ್ರೇನ್ ನಡೆಸಿ ನಿವೃತ್ತನಾದವನು. ಮಗಳ ದನಿ ಕೇಳಿ ಏಳು ತಿಂಗಳಾಗಿತ್ತು. ಮಾರ್ಚ್‌ನಲ್ಲಿ ಹೆಂಡತಿ ಎಲಿಡಾಳನ್ನು ಮಣ್ಣು ಮಾಡಿದ ದಿನ ಸ್ಮಶಾನದ ಗೇಟು ದಾಟುವ ಮೊದಲೇ ಅವನು ಸಿಗರೇಟು ಹಚ್ಚಿದ್ದ. ರೊಮಿನಾ ಅದನ್ನು ನೋಡಿದಳು, ಅಲ್ಲಿಂದಲೇ ತಾನಿರುವ ಸಾಲ್ತೋ ಊರಿನ ಬಸ್ಸು ಹತ್ತಿ ಹೋದಳು. ಎಲಿಡಾ ಜೀವಮಾನದಲ್ಲಿ ಒಂದು ಸಿಗರೇಟು ಮುಟ್ಟಿದವಳಲ್ಲ. ಅವಳನ್ನು ತಿಂದದ್ದು ಶ್ವಾಸಕೋಶದ ಕ್ಯಾನ್ಸರು.

...

"ಹಾಂ, ನಂಬರು ಬದಲಾಯ್ಸಿದೀಯಾ. ಅದಕ್ಕೇ ಗುರುತು ಸಿಗ್ಲಿಲ್ಲ... ಇಲ್ಲ, ಇನ್ನೂ ಊಟ ಇಲ್ಲ. ತಲ್ಲಾರೀನ್ ಶ್ಯಾವಿಗೆ ಬೇಯಿಸ್ತಿದ್ದೆ. ಭಾನುವಾರ ಅಲ್ವಾ? ಒಬ್ಬನೇ ಆದ್ರೂ ಭಾನುವಾರ ಭಾನುವಾರಾನೇ. ನಿಂದಾಯ್ತಾ ಊಟ?"

...

"ದೋರಿಸ್ ಫೋನ್ ಮಾಡಿದ್ಲಾ? ನಿಂಗಾ? ಏನಂತೆ?... ಆ ಹೆಂಗಸಿನ ಬಾಯಲ್ಲಿ ಒಂದು ಮಾತು ನಿಲ್ಲಲ್ಲ ನೋಡು."

ದೋರಿಸ್ ಎಂದರೆ ಎಲಿಡಾಳ ಶಾಲೆಯ ಗೆಳತಿ, ಈಗ ಸರ್ಕಾರಿ ಕ್ಲಿನಿಕ್ಕಿನ ನರ್ಸು. ಸಿಗರೇಟು ಬಿಡುವವರಿಗೆ ನಿಕೋಟಿನ್ ಪಟ್ಟಿ ಕೊಡುವುದು, ಹದಿನೈದು ದಿನಕ್ಕೊಮ್ಮೆ ಅವರನ್ನು ಕೂರಿಸಿ ಮಾತಾಡಿಸುವುದು ಅವಳ ಕೆಲಸ.

...

"ಹೌದಮ್ಮ, ಬಿಟ್ಟಿದೀನಿ... ಇಲ್ಲ. ಒಂದೂ ಇಲ್ಲ, ಅರ್ಧಾನೂ ಇಲ್ಲ. ನೀನು ಹೋದ ಎಂಟನೇ ದಿನದಿಂದ... ನಂಬೋದು ಬಿಡೋದು ನಿನ್ನಿಷ್ಟ."

...

"ಹಾಂ, ಪಟ್ಟಿ ಇನ್ನೂ ಅಂಟಿಸ್ಕೋತೀನಿ. ಅದನ್ನೂ ಹೇಳಿದ್ಲಾ?... ಗೊತ್ತು, ಗೊತ್ತು. ಮೂರು ತಿಂಗಳಿಗೇ ನಿಲ್ಲಿಸ್ಬೇಕಿತ್ತು. ದೊಡ್ಡದು, ಆಮೇಲೆ ಮಧ್ಯಮದ್ದು, ಆಮೇಲೆ ಚಿಕ್ಕದು, ಮೆಟ್ಲು ಇಳಿದ ಹಾಗೆ ಇಳೀಬೇಕು ಅಂತ ಬರ್ಕೊಟ್ಟಿದ್ಲು. ಇಳಿದೆ. ಕೊನೇ ಮೆಟ್ಲಲ್ಲಿ ಕೂತಿದೀನಿ, ಅಷ್ಟೇ... ಅವಳು ಕೊಡೋದು ನಿಲ್ಲಿಸಿ ಬಹಳ ದಿನ ಆಯ್ತು. ಔಷಧಿ ಅಂಗಡೀಲಿ ತಗೋತೀನಿ."

...

"ಹ್ಞೂಂ, ಕೆಂಪಾಗಿದೆ. ತುರೀತದೆ. ಎರಡು ತೋಳಲ್ಲೂ ಇನ್ನು ಜಾಗ ಇಲ್ಲ. ಬೆನ್ನಿಗೆ ಹಾಕ್ಕೊಳ್ಳಿ ಅಂತಾಳೆ, ನಂಗೆ ಕೈ ಎಟುಕಲ್ಲ. ನಿಮ್ಮಮ್ಮ ಇದ್ದಿದ್ರೆ ಅಂಟಿಸ್ತಿ..."

ಮಾತು ಅಲ್ಲೇ ನಿಂತಿತು. ತಾನು ಆಡಲು ಹೊರಟದ್ದು ಎಂಥ ಮಾತು ಎಂದು ಅವನಿಗೇ ಅರಿವಾಯಿತು.

...

"ಇದ್ದೀನಿ, ಇದ್ದೀನಿ. ಹೇಳು... ಭಯಾನಾ? ನಿಲ್ಲಿಸಿದ್ರೆ ಮತ್ತೆ ಸೇದ್ತೀನಿ ಅನ್ನೋ ಭಯಾನಾ ಅಂತಾನಾ?... ಹ್ಞೂಂ. ದೋರಿಸ್‌ಗೂ ಹಾಗೇ ಹೇಳಿದೀನಿ."

...

"ಇಲ್ಲ ರೊಮಿನಾ. ಅದು ಸುಳ್ಳು. ಅವಳಿಗೆ ಸುಳ್ಳು ಹೇಳಿದೀನಿ."

...

"ತಡಿ, ನಡುವೆ ಮಾತಾಡ್ಬೇಡ. ನಿಲ್ಲಿಸಿದ್ರೆ ಮತ್ತೆ ಹೇಳೋಕಾಗಲ್ಲ ನಂಗೆ. ಆಗಸ್ಟಲ್ಲಿ ಒಂದಿನ ಪಟ್ಟಿ ಹಾಕ್ಕೊಳೋದು ಮರ್ತೆ. ಮಾಟೆ ಎಲೆ ಚಹಾ ಮಾಡ್ಕೊಂಡು ಕುಡಿದೆ, ಫ್ಲಾಸ್ಕ್ ಕಂಕುಳಲ್ಲಿಟ್ಕೊಂಡು ಬಂದರಿಗೆ ಹೋದೆ. ಹಳೇ ಜನ ಎಲ್ಲ ಅಲ್ಲೇ ಇದ್ರು, ಎಲ್ಲರ ಬಾಯಲ್ಲೂ ಹೊಗೆ. ನಡುವೆ ಕೂತು ಹರಟೆ ಹೊಡೆದೆ. ಮನೆಗೆ ಬಂದು ಸ್ನಾನಕ್ಕೆ ಅಂಗಿ ಬಿಚ್ತೀನಿ, ತೋಳು ಖಾಲಿ. ಬೆಳಗ್ಗೆಯಿಂದ ಖಾಲಿ! ಸಿಗರೇಟು ಬೇಕು ಅಂತ ಒಂದ್ಸಲಾನೂ ಅನ್ಸಿರ್ಲಿಲ್ಲ ಕಣೇ."

...

"ಖುಷಿ ಪಡ್ಬೇಕಿತ್ತು. ಅಲ್ವಾ? ಎಲ್ಲರೂ ಖುಷಿ ಪಡ್ತಾರೆ. ನಾನು ಅಂಗಿ ಕೈಲಿ ಹಿಡ್ಕೊಂಡು ಬಚ್ಚಲಲ್ಲೇ ಕೂತ್ಬಿಟ್ಟೆ."

...

"ಯಾಕಾ? ಯಾಕೆ ಅಂದ್ರೆ... ನಲವತ್ತೊಂದು ವರ್ಷ ನನ್ನ ಕೈಲಿ ಆಗಲ್ಲ, ಆಗಲ್ಲ ಅಂದ್ಕೊಂಡು ಬಂದೆ. ಡಾಕ್ಟರ ಹತ್ರ ಅಂದೆ, ಪಾದ್ರಿ ಹತ್ರ ಅಂದೆ. ಐದೇ ತಿಂಗಳಲ್ಲಿ ಆಗೋಯ್ತು! ಇಷ್ಟೇನಾ? ಇಷ್ಟೇ ಆಗಿದ್ರೆ, ಅವಳಿದ್ದಾಗ್ಲೇ..."

ಅವನು ಅಂಗಿಯ ತೋಳಿನೊಳಗೆ ಬೆರಳು ತೂರಿಸಿ ಪಟ್ಟಿಯ ಅಂಚನ್ನು ಸವರಿದ. ಬೆಳಗ್ಗೆ ಎದ್ದ ಕೂಡಲೇ ಅಂಟಿಸಿಕೊಂಡದ್ದು.

...

"ಅದಕ್ಕೇ ಹಾಕ್ಕೋತೀನಿ. ಇದು ತೋಳಲ್ಲಿರೋ ತನಕ, ನೋಡು, ಇನ್ನೂ ಎಷ್ಟು ಕಷ್ಟ ಪಡ್ತಿದಾನೆ ಪಾಪ, ಬಿಡೋಕೆ ನಿಜವಾಗ್ಲೂ ಆಗ್ತಿರ್ಲಿಲ್ಲ ಇವನಿಗೆ, ಅಂತ ನನ್ಗೆ ನಾನೇ ಹೇಳ್ಕೋಬಹುದು. ತೆಗೆದ್ರೆ ಏನು ಹೇಳ್ಕೊಳ್ಳಿ?"

...

"ಏನಂದೆ? ಇನ್ನೊಂದ್ಸಲ ಹೇಳು... ಅಮ್ಮ ಕೇಳಿದ್ಲಾ ಅಂತಾನಾ? ಸೇದ್ಬೇಡ ಅಂತ ನನ್ನ ಯಾವತ್ತಾದ್ರೂ ಕೇಳಿದ್ಲಾ ಅಂತ?"

ಇಲ್ಲ ಎಂದುಬಿಡಬಹುದಿತ್ತು. ಎಲಿಡಾ ಗೊಣಗುವ ಹೆಂಗಸಲ್ಲ, ಮಗಳು ನಂಬುತ್ತಿದ್ದಳು. ಆದರೆ ಬಾಯಿ ತೆರೆದಾಗಿತ್ತು, ಏಳು ತಿಂಗಳು ಒಳಗೆ ಕೂತದ್ದು ತಾನಾಗಿಯೇ ಹೊರಗೆ ಬರುತ್ತಿತ್ತು.

...

"ಕೇಳಿದ್ಲು. ಒಂದ್ಸಲ. ನೀನು ಹೈಸ್ಕೂಲಲ್ಲಿದ್ದೆ. ಚಳಿಗಾಲ. ಅವಳು ಅಡುಗೆಮನೆ ಕಿಟಕಿ ತೆಗೆದ್ಲು, ಚಳಿ ಅಂತ ನಾನು ಮುಚ್ಚಿದೆ. ಮತ್ತೆ ತೆಗೆದ್ಲು. 'ವಾಲ್ಡೆ, ಈ ಕೆಮ್ಮು ಹೋಗ್ತಾನೇ ಇಲ್ಲ, ಒಂದು ವಾರ ಹೊರಗೆ ಹೋಗಿ ಸೇದ್ತೀಯಾ' ಅಂದ್ಲು. ಬಿಡು ಅಂತಾನೂ ಅನ್ಲಿಲ್ಲ ನೋಡು. ಹೊರಗೆ ಅಂದ್ಲು. ಒಂದು ವಾರ ಅಂದ್ಲು. ನಾನೇನಂದೆ ಗೊತ್ತಾ? 'ಗಾಳಿ ಬೇಕಾದ್ರೆ ನೀನೇ ಹೋಗು ಹೊರಗೆ' ಅಂದೆ. ತಮಾಷೆಗೆ. ನೀನು ಮೇಜಿನ ಹತ್ರ ಓದ್ತಾ ಕೂತಿದ್ದೆ. ನೀನೂ ನಕ್ಕೆ. ಅವಳು ಶಾಲು ಹೊದ್ಕೊಂಡು ಹೋಗಿ ಅಂಗಳದಲ್ಲಿ ನಿಂತ್ಲು..."

...

"ರೊಮಿನಾ?"

...

ಆಡಿದ ಮೇಲೆ ಹೊಳೆಯಿತು ಅವನಿಗೆ, ತಾನು ಏನನ್ನು ಆಡಿದೆ ಎಂದು. ಆ ಕಡೆ ಮಗಳು ಉಸಿರು ಎಳೆದುಕೊಳ್ಳುವುದು ಮಾತ್ರ ಕೇಳುತ್ತಿತ್ತು.

"ಅಳ್ತಿದೀಯಾ? ಮಗಳೇ, ನಾನು ಅದಕ್ಕೆ ಹೇಳಿದ್ದಲ್ಲ..."

...

"ಏನು?... ನೀನು ನಕ್ಕಿದ್ಯಾ ಅಂತಾನಾ?"

ಅವನಿಗೆ ಎಲ್ಲವೂ ಕಣ್ಣಿಗೆ ಕಟ್ಟಿದಂತಿತ್ತು. ಹದಿನಾಲ್ಕು ವರ್ಷದ ಹುಡುಗಿ ಪುಸ್ತಕದಿಂದ ತಲೆ ಎತ್ತಿ, ಅಪ್ಪನ ಚಟಾಕಿಗೆ ಬಾಯಿ ತುಂಬ ನಕ್ಕಿದ್ದಳು. ಅವನು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿ ಹಿಡಿದು, ತೋಳು ಮಡಚಿ, ಪಟ್ಟಿಯ ಅಂಚಿಗೆ ಉಗುರು ಸಿಕ್ಕಿಸಿ ಎಳೆದ. ಹುಣ್ಣಾದ ಚರ್ಮ ಚುರ್ರೆಂದಿತು. ಅಂಟು ಒಳಗಾಗುವಂತೆ ಮಡಚಿ, ತಣ್ಣಗಾಗುತ್ತಿದ್ದ ಪಾತ್ರೆಯ ಪಕ್ಕದಲ್ಲಿಟ್ಟ.

...

"ಇಲ್ಲ. ನೀನು ನಗ್ಲಿಲ್ಲ. ತಪ್ಪು ಹೇಳಿದೆ ನಾನು. ವಯಸ್ಸಾಯ್ತು, ಯಾವುದೋ ದಿನ ಇನ್ಯಾವುದಕ್ಕೋ ಸೇರ್ಕೊಳತ್ತೆ. ನೀನು ಆ ಹೊತ್ತು ಮನೇಲೇ ಇರ್ಲಿಲ್ಲ... ಇಲ್ಲ ಅಂದ್ನಲ್ಲ. ನಾನೊಬ್ಬನೇ ನಕ್ಕಿದ್ದು."

...

"ಪಟ್ಟಿ ತೆಗೆದೆ ಮಗಳೇ. ಈಗ್ಲೇ, ನೀನು ಮಾತಾಡ್ತಿರೋವಾಗ್ಲೇ. ಇನ್ನು ಹಾಕ್ಕೊಳಲ್ಲ. ಸಿಗರೇಟೂ ಇಲ್ಲ, ಇದೂ ಇಲ್ಲ. ಆಗ್ಬಹುದಿತ್ತು, ನನ್ನ ಕೈಲಿ ಆವತ್ತೇ ಆಗ್ಬಹುದಿತ್ತು. ನಾನು ಮಾಡ್ಲಿಲ್ಲ. ನಾನು. ನೀನಲ್ಲ, ಕೇಳಿಸ್ತಾ?"

...

"ಹಲೋ?... ರೊಮಿನಾ, ಕೇಳಿಸ್ತಾ? ನಾನೊಬ್ಬನೇ ನಕ್ಕಿದ್ದು ಅಂದೆ... ಹಲೋ? ಹಲೋ..."